ಗೆರೆ ಅಳಿಸಿದಲ್ಲಿ ಬಾಗಿಲು

ಹೋದ ತಿಂಗಳು ಒಂದು ಬೆಳಿಗ್ಗೆ ಕೊರಟಗೆರೆಯ ನನ್ನ ಆಫೀಸಿನ ಮುಂದೆ ಲಗೇಜ್ ಆಟೋ ಬಂದು ನಿಂತಿತು. ಡ್ರೈವರು ಹಗ್ಗ ಬಿಚ್ಚಿ, ನಕ್ಷೆ ಬರೆಯುವ ಹಳೆಯ ಮರದ ಮೇಜೊಂದನ್ನು ಒಬ್ಬನೇ ಹೊತ್ತು ತಂದು ಒಳಗೆ ಇಳಿಸಿದ.

"ಮದ್ಗಿರಿ ಮೇಡಮ್ನೋರು ಕಳ್ಸವ್ರೆ ಸಾ. ಇಂದ್ಗಡೆ ಕಾಲು ವಸಿ ಗಿಡ್ಡಂತೆ, ಅಡೀಕೆ ರಟ್ಟು ಮಡಗ್ಬೇಕಂತೆ. ಮರೀದೆ ಯೋಳು ಅಂದವ್ರೆ."

ಜೊತೆಯಲ್ಲಿ ಚೀಟಿ ಇರಲಿಲ್ಲ. ಕಣ್ಣು ಸೋತಿದೆ, ಇನ್ನು ಗೆರೆ ಎಳೆಯಲಾಗುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಮೇಡಂ ಮಧುಗಿರಿಯ ಕೋಣೆ ಖಾಲಿ ಮಾಡಿ ಪಾವಗಡದ ಹತ್ತಿರ ತಂಗಿಯ ಮನೆಗೆ ಹೋಗುತ್ತಾರೆಂದು ಕೇಳಿದ್ದೆ. ಮೇಜು ನನ್ನ ಪಾಲಿಗೆ ಬರುತ್ತದೆಂದು ಮಾತ್ರ ಎಣಿಸಿರಲಿಲ್ಲ.

ಅವರು ಎಡಗೈಯಲ್ಲಿ ಬರೆಯುತ್ತಿದ್ದರು ಎಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಮೇಜನ್ನು ಕಿಟಕಿಯ ಬೆಳಕಿಗೆ ಎಳೆದು ನೋಡಿದರೆ ಮೊಣಕೈ ಉಜ್ಜಿ ಸವೆದಿರುವುದು ಬಲಗಡೆಯ ಅಂಚು. ಎಡಗೈಯವರು ಬಲಮೊಣಕೈ ಊರಿ ಬರೆಯುತ್ತಾರೇನೋ. ಅಥವಾ ಅವರು ಬಲಗೈಯವರೇ ಇದ್ದು, ನಾನು ಸದಾ ಎದುರಿಗೆ ಕೂತು ನೋಡಿದ್ದರಿಂದ ತಿರುವುಮುರುವಾಗಿ ನೆನಪಿಟ್ಟುಕೊಂಡಿರಬಹುದು. ಇಷ್ಟು ದೊಡ್ಡ ವಿಷಯವೇ ಹೀಗಾದರೆ ಉಳಿದದ್ದರ ಗತಿಯೇನು? ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ನನಗೆ ಖಚಿತವಾಗಿರುವುದು ಯಾವುದು, ಅಲ್ಲದ್ದು ಯಾವುದು ಎಂದು ಆಗಾಗ ಹೇಳುತ್ತಾ ಹೋಗುತ್ತೇನೆ.

ಹೆಸರನ್ನು ಬರೆಯುವುದಿಲ್ಲ. "ನಿಮ್ಮ ಬಗ್ಗೆ ಬರೀತಿದೀನಿ ಮೇಡಂ" ಎಂದು ಫೋನಿನಲ್ಲಿ ಹೇಳಿದಾಗ ಅವರು, "ಬರಕೋ. ಹೆಸರು ಹಾಕೋದಾದ್ರೆ ನಕ್ಷೆ ಮೇಲೆ ಹಾಕು, ಕತೇಲಿ ಹಾಕಬ್ಯಾಡ" ಅಂದರು. ಇದು ಖಚಿತ. ಹೇಳಿ ಇನ್ನೂ ಒಂದು ವಾರವಾಗಿಲ್ಲ.

ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದೆ ಸೈಕಲ್ ರಿಪೇರಿ ಅಂಗಡಿಯ ಮೇಲೆ ಅವರ ಕೋಣೆ. ಕಿಟಕಿ ತೆರೆದರೆ ಬೆಟ್ಟ. ಬೆಟ್ಟ ಬಿಟ್ಟು ಬೇರೆ ಏನೂ ಕಾಣದಷ್ಟು ಬೆಟ್ಟ. ಅವರು ಪಾವಗಡದ ಕಡೆಯವರು, ಮಾತಿನ ನಡುವೆ ತೆಲುಗು ನುಸುಳುವವರು, ಡಿಪ್ಲೊಮಾ ಓದಿ ಮದುವೆಯಾಗದೆ ಇಲ್ಲಿಗೆ ಬಂದು ನಕ್ಷೆ ಬರೆಯಲು ಕೂತವರು. ಊರಿನ ಅರ್ಧ ಮನೆಗಳ ನಕ್ಷೆ ಆ ಮೇಜಿನ ಮೇಲೆ ಹುಟ್ಟಿದ್ದು. ಅದರಲ್ಲಿ ಒಂದರ ಕೆಳಗೂ ಅವರ ಹೆಸರಿರಲಿಲ್ಲ. ಮಂಜೂರಾತಿಗೆ ಎಂಜಿನಿಯರನ ಸಹಿ, ಮೊಹರು ಬೇಕು. ಗೆರೆ ಇವರದು, ಮೊಹರು ಯಾರದೋ. ಅವರದೆಂದು ಇರುತ್ತಿದ್ದ ಗುರುತು ಒಂದೇ, ಉತ್ತರ ದಿಕ್ಕು ತೋರಿಸುವ ಬಾಣ. ಎಲ್ಲರೂ ಬರಿಯ ಬಾಣ ಹಾಕಿದರೆ ಇವರು ಬಾಣದ ಬುಡದಲ್ಲಿ ಮಧುಗಿರಿ ಬೆಟ್ಟದ ಬೆನ್ನನ್ನು ಒಂದೇ ಬಾಗುಗೆರೆಯಲ್ಲಿ ಎಳೆಯುತ್ತಿದ್ದರು. ಪುರಸಭೆಯ ಗುಮಾಸ್ತರು ಬೆಟ್ಟವನ್ನು ಮೊದಲು ನೋಡಿ, ಮೊಹರನ್ನು ಆಮೇಲೆ ನೋಡುತ್ತಿದ್ದರಂತೆ.

ನಾನು ಮೈಸೂರಿನಲ್ಲಿ ವಾಸ್ತುಶಿಲ್ಪದ ಪದವಿ ಮುಗಿಸಿ, ಎರಡು ಊರುಗಳಲ್ಲಿ ಕೆಲಸ ಹಿಡಿದು ಬಿಟ್ಟು, ಕೊನೆಗೆ ಹುಟ್ಟೂರು ಕೊರಟಗೆರೆಗೆ ಬಂದು ಬೋರ್ಡು ಹಾಕಿದವನು. ಕೈಗೆ ಬಂದ ಮೊದಲ ಮನೆಯ ನಕ್ಷೆಯನ್ನು ಅವರ ಹತ್ತಿರ ಶುದ್ಧಪ್ರತಿ ಮಾಡಿಸಲು ಹೋಗಿದ್ದೆ. ಅವರು ಅಡುಗೆಮನೆಯ ಮೇಲೆ ಬೆರಳಿಟ್ಟರು.

"ಏಮಿ ಇದಿ ನಾಯನಾ? ಇಲ್ಲಿ ಯಾರು ಅಡಿಗೆ ಮಾಡೋದು, ಬೊಂಬೆನಾ?"

ಪುಸ್ತಕದ ಅಳತೆಯ ಪ್ರಕಾರವೇ ಇದೆ ಎಂದೆ.

"ನಿನ್ನ ಪುಸ್ತಕ ಬರ್ದೋನು ಯಾವತ್ತಾದ್ರೂ ಮುದ್ದೆ ತೊಳಸಿದ್ನಾ?"

ಆ ಮನೆಯ ಯಜಮಾನಿಯನ್ನು ಕರೆಸಿ, ಕೈಗೊಂದು ದೊಣ್ಣೆ ಕೊಟ್ಟು, ಇಲ್ಲದ ಒಲೆಯ ಮುಂದೆ ಇಲ್ಲದ ಮುದ್ದೆ ತೊಳಸಲು ಹೇಳಿದರು. ಆಕೆ ನಾಚಿಕೊಂಡು ಮೆಲ್ಲಗೆ ಕೈ ಆಡಿಸಿದರೆ, "ಮನೇಲಿ ಇಷ್ಟೇ ಜೋರಾ? ಗಂಟಾಗ್ತದೆ ಕಣಮ್ಮ" ಎಂದು ರೇಗಿಸಿದರು. ಆಕೆಗೆ ನಗು ಬಂದು, ಆಮೇಲೆ ಹುರುಪು ಬಂದು, ನಿಜವಾಗಿ ತೊಳಸತೊಡಗಿದಾಗ ಟೇಪು ಹಿಡಿದು ಒಂದು ಮೊಣಕೈ ಹೋದ ಕಡೆಯಿಂದ ಇನ್ನೊಂದು ಮೊಣಕೈ ಹೋದ ಕಡೆಗೆ ಅಳೆದರು. ನನ್ನ ಅಡುಗೆಮನೆಯ ಅಗಲ ಒಂದೂಕಾಲು ಅಡಿ ಹೆಚ್ಚಿತು.

ಅವರ ಕೆಲಸದ ರೀತಿಯೇ ಹೀಗೆ. ಕಾಗದ ಅವರಿಗೆ ಕೊನೆಯ ಹಂತ. ನಿವೇಶನಕ್ಕೆ ಹೋಗಿ, ಸುಣ್ಣದ ಪುಡಿಯಲ್ಲಿ ಇಡೀ ಕಟ್ಟಡವನ್ನು ನೆಲದ ಮೇಲೆ ಪೂರಾ ಅಳತೆಗೆ ಬರೆದು, ಒಂದು ವಾರ ಬಿಟ್ಟುಬಿಡುತ್ತಿದ್ದರು. "ಇದು ನಿಮ್ಮ ಮನೆ, ಹಾಕ್ಬುಟ್ಟಿದೀನಿ, ಓಡಾಡಿ" ಎಂದು ಅಲ್ಲಿಯವರಿಗೆ ಹೇಳುವುದು. ವಾರದ ಮೇಲೆ ಹೋಗಿ ನೋಡುವುದು. ಎಲ್ಲಿ ಜನರ ಕಾಲಿಗೆ ಸಿಕ್ಕಿ ಗೆರೆ ಅಳಿಸಿಹೋಗಿದೆಯೋ ಅಲ್ಲಿ ಬಾಗಿಲು. ಎಲ್ಲಿ ಗೆರೆ ಹಾಗೇ ಉಳಿದಿದೆಯೋ ಅಲ್ಲಿ ಗೋಡೆ. ನಾನು ಮೊದಲು ಇದನ್ನು ಕೇಳಿದಾಗ ಹಳ್ಳಿಯ ಹುಚ್ಚು ಎಂದುಕೊಂಡೆ. ನಾಲ್ಕು ಜನರ ಮುಂದೆ ಹಾಗೆ ಅಂದೂ ಇದ್ದೇನೆ. ಅದು ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ ತಿಳಿಯದು.

ಮದಲೂರು ಕೆರೆಯ ಆಚೆ, ಕುರಿ ಸಾಕುವವರ ಒಂದು ಊರಿದೆ. ಅಲ್ಲಿ ಕಂಬಳಿ ನೇಯುವವರ ಸಂಘಕ್ಕೆ ಕೆಲಸದ ಮನೆಯೊಂದು ಮಂಜೂರಾಯಿತು. ನಕ್ಷೆಗೆ ಸಹಿ ಹಾಕಲು ನೋಂದಾಯಿತ ವಾಸ್ತುಶಿಲ್ಪಿ ಬೇಕೆಂದು ನನ್ನನ್ನು ಕೇಳಿದರು. ನಾನು ಮೇಡಂ ಅವರನ್ನು ಕರೆದುಕೊಂಡು ಹೋದೆ. ಅವರೇ ನನ್ನನ್ನು ಕರೆದುಕೊಂಡು ಹೋದರು ಎಂದು ಮೇಸ್ತ್ರಿ ಹೇಳುತ್ತಾನೆ. ಮೇಸ್ತ್ರಿ ಚನ್ನರಾಯನದುರ್ಗದವನು, ಸೈಜುಗಲ್ಲಿನ ಗೋಡೆ ಎಬ್ಬಿಸುವುದರಲ್ಲಿ ಆ ಸುತ್ತಿನಲ್ಲಿ ಅವನನ್ನು ಮೀರಿಸುವವರಿಲ್ಲ.

ಕಂಬಳಿಯ ಕೆಲಸಕ್ಕೆ ಉದ್ದ ಬೇಕು. ಹಾಸಿನ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಬೇಯಿಸಿದ ಹುಣಸೆಬೀಜದ ಅಂಟನ್ನು, ಅವರ ಮಾತಿನಲ್ಲಿ 'ಸರಿ', ಬಳಿದು, ಒಣಗಿಸಿ, ಆಮೇಲೆ ಮಗ್ಗಕ್ಕೆ ಏರಿಸುತ್ತಾರೆ. ಬಿಸಿಲಲ್ಲಿ ಹೆಂಗಸರ ಬೆನ್ನು ಸುಡುತ್ತಿತ್ತು, ಟ್ರ್ಯಾಕ್ಟರ್ ಬಂದಾಗಲೆಲ್ಲ ನೂಲು ಬಿಚ್ಚಬೇಕಿತ್ತು. ಹಾಗಾಗಿ ಮುಂದುಗಡೆ ನೂರು ಅಡಿ ಉದ್ದದ ನೆರಳಿನ ಜಗಲಿ, ಕಲ್ಲುಕಂಬ, ಚಪ್ಪಡಿಯ ಸೂರು. ಅದರ ಹಿಂದೆ ಮಗ್ಗದ ಮನೆ. ಅದರ ಹಿಂದೆ, ಹೊಗೆ ಬಾರದಿರಲೆಂದು ಬೇರೆಯಾಗಿ, ಸರಿ ಬೇಯಿಸುವ ಒಲೆ. ಇಷ್ಟನ್ನು ಮೇಡಂ ಸುಣ್ಣದಲ್ಲಿ ಹಾಕಿ ಬಂದರು.

ಆ ಸಂಘದಲ್ಲಿ ಸರಿ ಬೇಯಿಸುವ ಅಜ್ಜಿಯೊಬ್ಬಳಿದ್ದಳು. ಒಲೆಯಿಂದ ಜಗಲಿಗೆ ಹೋಗಲು ನಕ್ಷೆಯಲ್ಲಿ ದಾರಿಯಿದ್ದದ್ದು ಕಟ್ಟಡದ ತುದಿಯನ್ನು ಬಳಸಿಕೊಂಡು. ಅಜ್ಜಿ ಬಿಸಿ ಗಡಿಗೆ ಎತ್ತಿಕೊಂಡು ಮಗ್ಗದ ಮನೆಯ ಹಿಂಗೋಡೆಯ ನಟ್ಟನಡುವೆ ಗೆರೆ ತುಳಿದು, ಮುಂಗೋಡೆಯ ಗೆರೆಯನ್ನೂ ತುಳಿದು, ನೇರ ಜಗಲಿಗೆ ಹೋದಳು. ವಾರವಿಡೀ ಹೋದಳು. ಮೇಸ್ತ್ರಿ ಕೂಗಿಕೊಂಡನಂತೆ.

"ಯಮ್ಮೋ, ಅದು ಗ್ವಾಡೆ ಕಣಮ್ಮ! ಗ್ವಾಡೆ ಮ್ಯಾಗೇ ನಡೀತಿಯಲ್ಲ!"

"ಗ್ವಾಡೆ ಎಲ್ಲೈತ್ಲಾ? ಸುಣ್ಣ ಐತೆ. ಕೈಯಾಗೆ ಸುಡೋ ಗಡಿಗೆ ಇಟ್ಕಂಡು ನಿನ್ನ ಸುಣ್ಣ ಸುತ್ತಾಕ್ಕಂಡು ಬರ್ಲಾ?"

ಕಟ್ಟಡ ಎದ್ದಾಗ ಆ ಜಾಗದಲ್ಲಿ ಮೂರಡಿ ಅಗಲದ, ಬಾಗಿಲಿಲ್ಲದ ತೆರಪು ಉಳಿಯಿತು. ಹಿಂದಿನಿಂದ ಮುಂದಕ್ಕೆ, ಮಗ್ಗದ ಮನೆಯನ್ನು ಸೀಳಿಕೊಂಡು. ಬೇಸಿಗೆಯಲ್ಲಿ ಕೆರೆಯ ಕಡೆಯಿಂದ ಬೀಸುವ ಗಾಳಿ ಅದರೊಳಗೆ ನುಗ್ಗಿ ಜಗಲಿಗೆ ಬರುತ್ತದೆ. ಮಗ್ಗದವರು ಬೆವರುವುದಿಲ್ಲ, ಹಾಸು ಬೇಗ ಒಣಗುತ್ತದೆ. ಆ ಕಟ್ಟಡ ನೋಡಿದವರೆಲ್ಲ ಮೊದಲು ನಿಲ್ಲುವುದು ಅಲ್ಲಿ.

ಈಗ ನನ್ನ ನೆನಪು. ನಿವೇಶನಕ್ಕೆ ಮೊದಲ ಸಲ ಹೋದ ದಿನವೇ ಮುಖಕ್ಕೆ ಬಡಿದ ಗಾಳಿಯ ದಿಕ್ಕು ಗಮನಿಸಿ, "ಮೇಡಂ, ಇಲ್ಲೊಂದು ತೆರಪು ಬಿಡೋಣ" ಎಂದು ನಾನು ಕೈ ಚಾಚಿ ಹೇಳಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಅಂಗಿಯ ಬಣ್ಣ ಕೂಡ ನೆನಪಿದೆ. ಅಂಗಿಯ ಬಣ್ಣದವರೆಗೂ ನೆನಪಿರುವ ಸಂಗತಿಗಳನ್ನೇ ಹೆಚ್ಚು ಅನುಮಾನಿಸಬೇಕು ಎಂಬುದನ್ನು ನಾನು ಕಲಿತದ್ದು ತಡವಾಗಿ.

ಕಟ್ಟಡ ಮುಗಿದು ಮೂರನೆಯ ವರ್ಷ, ರಾಷ್ಟ್ರಮಟ್ಟದ ವಾಸ್ತುಶಿಲ್ಪ ಪ್ರಶಸ್ತಿಯೊಂದಕ್ಕೆ ಅರ್ಜಿ ಕರೆದರು. ಮೂರು ವರ್ಷಕ್ಕೊಮ್ಮೆ ಕೊಡುವಂಥದ್ದು. ಕಟ್ಟಡಕ್ಕೆ ಹತ್ತು ವರ್ಷ ದಾಟಿರಬಾರದು. ನಾನು ತಮಾಷೆಗೆ ಎಂಬಂತೆ ಹೇಳಿದೆ. ಅವರು ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿದರು.

"ಹಾಕಾನ."

"ದೇಶದ ದೊಡ್ಡ ದೊಡ್ಡೋರೆಲ್ಲ ಹಾಕ್ತಾರೆ ಮೇಡಂ."

"ಹಾಕ್ಲಿ. ನಾವೂ ಹಾಕಾನ. ನಲವತ್ತು ವರ್ಷ ಗೆರೆ ಎಳ್ದಿದೀನಿ ನಾಯನಾ, ಒಂದ್ರ ಕೆಳಗಾದ್ರೂ ನನ್ನ ಹೆಸರು ಇರ್ಲಿ. ಕೊಡೋದು ಬಿಡೋದು ಅವರಿಷ್ಟ."

ಅವರು ತಮಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಒಂದು ತಿಂಗಳು ಇಬ್ಬರೂ ಕೂತೆವು. ನಾನು ಕಂಪ್ಯೂಟರಿನಲ್ಲಿ ಕಟ್ಟಡದ ಸೀಳುನೋಟ ಬರೆದು, ತೆರಪಿನೊಳಗೆ ನೀಲಿ ಬಾಣಗಳನ್ನು ಹಾಕಿ ತೋರಿಸಿದೆ.

"ಇದೇನು ನೀಲಿ ನೀಲಿ?"

"ಗಾಳಿ ಮೇಡಂ."

"ಅಜ್ಜಿ ಎಲ್ಲಿ?"

"ಅಜ್ಜಿ ಯಾಕೆ?"

"ಅದಿ ಕಾದು ನಾಯನಾ. ಅಂಗಲ್ಲ. ಗಾಳಿ ಆಮೇಲೆ ಬಂದಿದ್ದು, ದಾರಿ ಖಾಲಿ ಐತೆ ಅಂತ. ದಾರಿ ಮಾಡಿದ್ದು ಅಜ್ಜಿ. ಗಡಿಗೆ ಸಮೇತ ಬರಿ."

ಬರೆದೆ. ನೀಲಿ ಬಾಣಗಳ ನಡುವೆ ಗಡಿಗೆ ಹೊತ್ತ ಅಜ್ಜಿ. ಉತ್ತರದ ಬಾಣವನ್ನು ಅವರೇ ಕೈಯಲ್ಲಿ ಹಾಕಿದರು, ಬೆಟ್ಟದ ಬೆನ್ನಿನ ಸಮೇತ.

ಅರ್ಜಿಯಲ್ಲಿ ತೊಡಕು ಬಂದದ್ದು ಮೊದಲ ಪುಟದಲ್ಲೇ. ವಿನ್ಯಾಸಕರ ಹೆಸರು, ಪಕ್ಕದಲ್ಲಿ ನೋಂದಣಿ ಸಂಖ್ಯೆ. ಒಬ್ಬರಿಗಿಂತ ಹೆಚ್ಚಿದ್ದರೆ ಪ್ರತಿಯೊಬ್ಬರದೂ ಬೇಕು. ವಾಸ್ತುಶಿಲ್ಪಿಯೆಂದು ನೋಂದಣಿ ಇದ್ದದ್ದು ನನಗೆ ಮಾತ್ರ. ಇಬ್ಬರ ಹೆಸರನ್ನೂ ಬರೆದು, ಅವರ ಹೆಸರಿನ ಮುಂದಿನ ಅಂಕಣವನ್ನು ಖಾಲಿ ಬಿಟ್ಟು ಕಳಿಸಿದೆ. ಒಂದೂವರೆ ತಿಂಗಳಿಗೆ ಲಕೋಟೆ ವಾಪಸು ಬಂತು. ಅರ್ಜಿ ಅಪೂರ್ಣ.

ಅವರು ಫಾರಂ ತೆಗೆದು, ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಖಾಲಿ ಬಿಟ್ಟಿದ್ಯಾ?"

"ಏನ್ ಬರೀಲಿ ಮೇಡಂ?"

"ಇಲ್ಲ ಅಂತ ಬರೀಬೇಕಿತ್ತು. ಖಾಲಿ ಬಿಟ್ರೆ ಮುಚ್ಚಿಟ್ಟಂಗೆ ಆಗ್ತದೆ."

ಇಲ್ಲವೆಂದು ಬರೆದಿದ್ದರೆ ಒಪ್ಪಿಬಿಡುತ್ತಿದ್ದರೇ ಎಂದು ನಾನು ನಕ್ಕೆ. ನಕ್ಕದ್ದು ಖಚಿತ. ಅವರು ನಗಲಿಲ್ಲ. ಫಾರಂ ಮಡಚಿ ಮೇಜಿನ ಡ್ರಾಯರಿಗೆ ಹಾಕಿ, "ಮುಂದಿನ ಸಲ" ಅಂದರು.

ಮುಂದಿನ ಸಲ ನಾನು ಅವರಿಗೆ ಹೇಳಲಿಲ್ಲ.

ಇದನ್ನು ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ರೀತಿ ನನಗೆ ನಾನೇ ಹೇಳಿಕೊಂಡಿದ್ದೇನೆ. ಮೊದಲು ನನ್ನ ಹೆಸರಲ್ಲಿ ಬರಲಿ, ವೇದಿಕೆಯ ಮೇಲೆ ನಿಂತು ಅವರ ಹೆಸರು ಹೇಳುತ್ತೇನೆ ಎಂಬುದು ಒಂದು. ಕಾನೂನಿನ ಪ್ರಕಾರ ಸಹಿ ನನ್ನದೇ ತಾನೆ ಎಂಬುದು ಇನ್ನೊಂದು. ತೆರಪು ನನ್ನದೇ ಯೋಚನೆ ಎಂಬುದು ಮೂರನೆಯದು. ಆಗ ನಿಜಕ್ಕೂ ಯಾವುದನ್ನು ಹೇಳಿಕೊಂಡೆನೋ ಈಗ ಗೊತ್ತಾಗುವುದಿಲ್ಲ. ಮಾಡಿದ್ದು ಗೊತ್ತಿದೆ. ವಿನ್ಯಾಸಕರ ಅಂಕಣದಲ್ಲಿ ನನ್ನ ಹೆಸರೊಂದನ್ನೇ ಬರೆದೆ. ನಕ್ಷೆಯ ಹಾಳೆಯಿಂದ ಅಜ್ಜಿಯನ್ನು ಅಳಿಸಿದೆ. ಅವರ ಉತ್ತರದ ಬಾಣ ತೆಗೆದು, ಕಂಪ್ಯೂಟರಿನ ಸಿದ್ಧ ಬಾಣ ಹಾಕಿದೆ.

ಆ ಸಲ ಕೊನೆಯ ಸುತ್ತಿಗೆ ಆಯ್ಕೆಯಾಯಿತು. ತೀರ್ಪುಗಾರರೊಬ್ಬರು ಕಟ್ಟಡ ನೋಡಲು ಬರುತ್ತಾರೆಂದು ಪತ್ರ ಬಂತು. ನಾನು ಮೇಸ್ತ್ರಿಗೆ, ಜಗಲಿ ಗುಡಿಸಿಡು ಎಂದಷ್ಟೇ ಫೋನು ಮಾಡಿದೆ. ಅವನು ಸಹಜವಾಗಿ ಅವರಿಗೆ ಫೋನು ಮಾಡಿದ್ದಾನೆ. "ಯಾರೋ ದೊಡ್ಡೋರು ನಮ್ಮ ಕಟ್ಟಡ ನೋಡಕ್ ಬರ್ತವ್ರಂತೆ, ಬನ್ನಿ ಅಮ್ಮಾವ್ರೆ."

ನನ್ನ ಕಾರು ಊರಿನ ಬಾಗಿಲಿಗೆ ಬಂದಾಗ ಅವರು ಜಗಲಿಯ ಮೇಲೆ ಕೂತು ಹೆಂಗಸರ ಜೊತೆ ಮಾತಾಡುತ್ತಿದ್ದರು. ಮಧುಗಿರಿಯಿಂದ ಶಿರಾಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ನಡಿಗೆ. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು.

ತೀರ್ಪುಗಾರರು ವಯಸ್ಸಾದವರು, ಮೆಲುಮಾತಿನವರು. ಕೈಯಲ್ಲಿ ನನ್ನ ಹಾಳೆಗಳಿದ್ದವು. ಗೋಡೆ ಮುಟ್ಟಿದರು, ಚಪ್ಪಡಿ ನೋಡಿದರು, ಸುಮ್ಮನೆ ಒಂದು ಕಂಬಕ್ಕೆ ಒರಗಿ ನಿಂತರು. ಅಜ್ಜಿ ಮೇಸ್ತ್ರಿಯ ಕಿವಿಯಲ್ಲಿ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

"ಲೇ, ಇವ್ರು ಗ್ವಾಡೆ ನೋಡಾಕೆ ಇಷ್ಟು ದೂರ ಬಂದವ್ರಾ? ಅವರೂರಾಗೆ ಗ್ವಾಡೆ ಇಲ್ವೇನ್ಲಾ?"

ಕೊನೆಗೆ ತೀರ್ಪುಗಾರರು ತೆರಪಿನ ಬಾಯಿಗೆ ಬಂದು ನಿಂತರು. ಗಾಳಿ ಅವರ ಬಿಳಿಕೂದಲನ್ನು ಎಬ್ಬಿಸಿತು. ಕಣ್ಣು ಮುಚ್ಚಿಕೊಂಡು ಒಂದು ಗಳಿಗೆ ನಿಂತು, ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು. ಇದು ಯಾರ ಯೋಚನೆ?

ನಾನು ಮೇಡಂ ಕಡೆ ಕೈ ತೋರಿಸಿ "ಇವರದು" ಎಂದೆ. ನನ್ನ ನೆನಪಿನಲ್ಲಿ ಹಾಗಿದೆ. ಆಮೇಲೆ ತೀರ್ಪುಗಾರರು ಅವರ ಕಡೆ ತಿರುಗಿ ನೀವು ಯಾರು ಎಂದು ಕೇಳಿದ್ದು, ಅವರು ಇಂಗ್ಲಿಷಿನಲ್ಲೇ "ಸೈಟ್ ಸರ್, ಸೈಟ್ ನೋಡಿಕೊಂಡಿದ್ದೆ" ಎಂದದ್ದು ಸ್ಪಷ್ಟವಾಗಿ ನೆನಪಿದೆ. ಈ ಎರಡೂ ಒಂದರ ಪಕ್ಕ ಒಂದು ಹೇಗೆ ನಿಲ್ಲುತ್ತವೆ ಎಂದು ನಾನು ಬಹಳ ದಿನ ಕೇಳಿಕೊಳ್ಳಲಿಲ್ಲ.

ಮೇಡಂ ಅವರನ್ನು ಕಾರಿನಲ್ಲಿ ಬಿಡುತ್ತೇನೆಂದೆ. ಬಸ್ಸಿದೆ ಎಂದರು. ಹತ್ತುವ ಮೊದಲು ಒಂದೇ ಮಾತು ಹೇಳಿದರು.

"ಉತ್ತರದ ಬಾಣ ಚೆನ್ನಾಗಿಲ್ಲ ನಾಯನಾ."

ತೀರ್ಪುಗಾರರ ಕೈಯಲ್ಲಿದ್ದ ಹಾಳೆಯನ್ನು ಅವರು ನೋಡಿದ್ದರು. ಹೆಸರು ಬರೆದ ಜಾಗ ಬಾಣದ ಪಕ್ಕದಲ್ಲೇ ಇತ್ತು.

ಪ್ರಶಸ್ತಿ ಬರಲಿಲ್ಲ. ಬಂದಿದ್ದರೆ ವೇದಿಕೆಯ ಮೇಲೆ ಏನು ಹೇಳುತ್ತಿದ್ದೆ ಎಂಬುದನ್ನು ಈಗ ಯಾರೂ ಪರೀಕ್ಷಿಸುವಂತಿಲ್ಲ. ಅವರು ನನ್ನೊಂದಿಗೆ ಮಾತು ಬಿಡಲಿಲ್ಲ, ಮುಖ ತಿರುಗಿಸಲಿಲ್ಲ. ನನ್ನ ನಕ್ಷೆಗಳನ್ನು ಮೊದಲಿನಂತೆಯೇ ತಿದ್ದುತ್ತಿದ್ದರು, ಮೊದಲಿನಂತೆಯೇ ಬೈಯುತ್ತಿದ್ದರು. ತೋವಿನಕೆರೆಯ ಒಂದು ಮನೆಯ ಮೆಟ್ಟಿಲು ಕಡಿದಾಯಿತೆಂದು, "ಆ ಮನೆ ಮುದುಕ ಮೇಲಿಂದ ಬಿದ್ರೆ ನೀನು ಹೋಗಿ ಮೂಳೆ ಕೂಡಿಸ್ತಿಯಾ?" ಎಂದು ಅವನ ಮುಂದೆಯೇ ಕೇಳಿದರು. ನನಗೆ ಅದೇ ಕಷ್ಟವಾಗುತ್ತಿತ್ತು.

ಹೋದ ವರ್ಷ ಇನ್ನೊಂದು ಕೆಲಸದಲ್ಲಿ ಮೇಸ್ತ್ರಿ ಸಿಕ್ಕಾಗ, ಅವತ್ತು ನಾನು ಏನು ಹೇಳಿದೆ ಎಂದು ಕೇಳಿದೆ. ಅವನು ಕರಣೆಯನ್ನು ಬಾಂಡಲಿಗೆ ಬಿಟ್ಟು ಯೋಚಿಸಿದ.

"ನೀವೇನೂ ಅನ್ನಲಿಲ್ಲ ಸಾ."

"ಕೈ ತೋರಿಸ್ಲಿಲ್ವಾ?"

"ಕೈಯಾಗೆ ಚೊಂಬಿತ್ತಲ್ಲ. ಅಮ್ಮಾವ್ರೇ ನೀರು ಕೊಟ್ಟಿದ್ರು. ಆ ದೊಡ್ಡೋರು ಕೇಳ್ತಿದ್ದಂಗೆ ನೀವು ಚೊಂಬು ಎತ್ಕಂಡು ಕುಡಿಯಾಕೆ ಶುರು ಹಚ್ಕಂಡ್ರಿ. ಬೋ ಹೊತ್ತು ಕುಡುದ್ರಿ. ಬುಡಿ ಸಾ, ಬಿಸಿಲಿತ್ತು."

ಮೇಸ್ತ್ರಿಯ ನೆನಪೂ ನೆನಪೇ. ಅವನಿಗೆ ಇಂಗ್ಲಿಷ್ ಬಾರದು, ಪ್ರಶ್ನೆ ಏನೆಂದು ಅವನಿಗೆ ಗೊತ್ತಿರಲಾರದು ಎಂದೆಲ್ಲ ವಾದ ಹೂಡಿಕೊಂಡು ನೇರ ಮಧುಗಿರಿಗೆ ಹೋಗಿ ಅವರನ್ನೇ ಕೇಳಿದೆ. ಮೇಡಂ, ಅವತ್ತು ನಾನು ನಿಮ್ಮ ಹೆಸರು ಹೇಳಿದೆನೋ ಇಲ್ಲವೋ?

ಅವರು ಆಗಲೇ ದಪ್ಪ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಬರೆಯುವ ಹಂತಕ್ಕೆ ಬಂದಿದ್ದರು. ಗೆರೆ ಮುಗಿಸಿ ತಲೆ ಎತ್ತಿದರು.

"ಬಾಯಲ್ಲಿ ಏನಂದೆ ಅಂತ ಯಾಕೆ ಕೇಳ್ತಿಯಾ? ಫಾರಂ ನೋಡು. ಅದ್ರಲ್ಲಿ ಏನು ಬರ್ದಿದ್ಯೋ ಅದೇ ನೀನು ಹೇಳಿದ್ದು."

ಆಮೇಲೆ, ನನ್ನ ಮುಖ ನೋಡಿ ಏನನ್ನಿಸಿತೋ, "ಕಟ್ಟಡಕ್ಕೆ ಇನ್ನೂ ಹತ್ತು ವರ್ಷ ಆಗಿಲ್ಲ. ಒಂದ್ಸಲ ಐತೆ" ಅಂದರು.

ಆ ಒಂದು ಸಲ ಈ ವರ್ಷ. ಈ ತಿಂಗಳೇ ಕೊನೆ. ಮುಂದಿನ ಸಲಕ್ಕೆ ಕಟ್ಟಡದ ವಯಸ್ಸು ಮೀರಿರುತ್ತದೆ.

ಮೇಜು ಬಂದ ದಿನ ಕಾಲಿನಡಿಗೆ ರಟ್ಟಿಟ್ಟು, ಡ್ರಾಯರು ಎಳೆದೆ. ಒಳಗೆ ಒಂದು ಲಕೋಟೆ. ಅದರಲ್ಲಿ ಈ ವರ್ಷದ ಅರ್ಜಿಯ ಫಾರಂ ಇತ್ತು, ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದ್ದು. ಅವರ ಅಕ್ಷರ. ಕಣ್ಣು ಹೋಗುತ್ತಿರುವವರ ಅಕ್ಷರ, ಗೆರೆಯಿಂದ ಮೇಲೆ ಕೆಳಗೆ ಜಾರಿ ನಿಂತಿತ್ತು. ವಿನ್ಯಾಸಕರ ಅಂಕಣದಲ್ಲಿ ಇಬ್ಬರ ಹೆಸರೂ ಇದ್ದವು. ಮೊದಲು ನನ್ನದು. ಕೆಳಗೆ ಅವರದು. ನನ್ನ ನೋಂದಣಿ ಸಂಖ್ಯೆಗೆ ಜಾಗ ಬಿಟ್ಟಿದ್ದರು. ಅವರ ಸಂಖ್ಯೆಯ ಜಾಗದಲ್ಲಿ ದಪ್ಪಗೆ, ತಿದ್ದಿ ತಿದ್ದಿ, 'ಇಲ್ಲ' ಎಂದು ಬರೆದಿದ್ದರು.

ಫಾರಮ್ಮಿನ ಕೆಳಗೆ ಒಂದು ಫೋಟೋ. ವಿನ್ಯಾಸದ ಮೊದಲ ರೇಖಾಚಿತ್ರ ಲಗತ್ತಿಸಿ ಎಂದು ಅರ್ಜಿಯಲ್ಲಿ ಕೇಳುತ್ತಾರೆ. ಹಿಂದಿನ ಎರಡು ಸಲವೂ ನಾನು ಕಟ್ಟಡ ಮುಗಿದ ಮೇಲೆ ಕೂತು ಬರೆದ ಚಿತ್ರವನ್ನೇ ಮೊದಲ ಚಿತ್ರವೆಂದು ಕಳಿಸಿದ್ದೆ. ಎಲ್ಲರೂ ಹಾಗೇ ಮಾಡುತ್ತಾರೆ. ಈ ಫೋಟೋ, ಮೇಸ್ತ್ರಿ ಆ ವಾರದಲ್ಲಿ ಕಲ್ಲಿನವನಿಗೆ ತೋರಿಸಲೆಂದು ಫೋನಿನಲ್ಲಿ ಹಿಡಿದದ್ದಿರಬೇಕು. ಕೆಂಪು ನೆಲದ ಮೇಲೆ ಬಿಳಿಗೆರೆಯ ಮನೆ. ಹಿಂಗೋಡೆಯ ಗೆರೆ ನಡುವೆ ಮೂರಡಿ ಅಳಿಸಿದೆ. ಅಳಿಸಿದ ಜಾಗದಲ್ಲಿ ಒಂದು ಕಾಲು ಮುಂದಿಟ್ಟು ಅಜ್ಜಿ, ಕೈಯಲ್ಲಿ ಗಡಿಗೆ. ದೂರದಲ್ಲಿ ಹೊಂಗೆಮರದ ನೆರಳಿನಲ್ಲಿ ನಾನಿದ್ದೇನೆ. ಬಿಳಿಗೆರೆಗಳ ಕಡೆ ಬೆನ್ನು, ಕಿವಿಯಲ್ಲಿ ಫೋನು. ಅಂಗಿಯ ಬಣ್ಣ ನೆನಪಿನಲ್ಲಿದ್ದದ್ದಲ್ಲ.

ಒಂದು ಫೋಟೋ ಏನನ್ನೂ ಪೂರ್ತಿ ಸಾಬೀತು ಮಾಡುವುದಿಲ್ಲ. ಇದು ಮೊದಲ ದಿನದ್ದೂ ಅಲ್ಲ. ಬೆನ್ನು ಹಾಕಿ ನಿಂತವನು ಗಾಳಿಯ ಬಗ್ಗೆಯೇ ಯೋಚಿಸುತ್ತಿರಬಹುದು. ಆದರೆ ಇದು ಅವರ ಹತ್ತಿರ ಎಂದಿನಿಂದ ಇತ್ತು? ತೀರ್ಪುಗಾರರು ಬಂದ ದಿನ ಇತ್ತೇ? ನಾನು ಹೋಗಿ ಕೇಳಿದ ದಿನ, ನನ್ನ ಮತ್ತು ಅದರ ನಡುವೆ ಇದ್ದದ್ದು ಒಂದು ಡ್ರಾಯರಿನ ಹಲಗೆ. ಅವರು ಅದನ್ನು ಎಳೆಯಲಿಲ್ಲ.

ಫೋನು ಮಾಡಿದೆ.

"ಮೇಜು ಬಂತಾ? ರಟ್ಟು ಇಟ್ಯಾ?"

"ಇಟ್ಟೆ. ಮೇಡಂ, ನೋಂದಣಿ ಇಲ್ಲ ಅಂತ ಬರೆದಿದೀರಿ. ಈ ಸಲ ಕಂಪ್ಯೂಟರಲ್ಲೇ ತುಂಬಬೇಕು. ಆ ಜಾಗದಲ್ಲಿ ಅಂಕಿ ಬಿಟ್ಟು ಬೇರೆ ಏನೂ ತಗೊಳ್ಳಲ್ಲ."

"ಅಂಚೆಲಿ ಕಳಿಸ್ಬಾರ್ದಂತಾ?"

"ಕಳಿಸಬಹುದು. ಆದ್ರೆ ವಾಪಸ್ ಬರ್ತದೆ."

"ಬರ್ಲಿ. ಅಲ್ಲಿ ಒಬ್ಬ ಗುಮಾಸ್ತನಾದ್ರೂ ಓದಿ, ಇಲ್ಲ ಅಂತ ಬರ್ದವ್ಳೆ ಅಂತ ಇನ್ನೊಬ್ಬನಿಗೆ ತೋರಿಸ್ತಾನಲ್ಲ. ಇಬ್ರು ಓದಿದಂಗಾಯ್ತು. ಇಲ್ಲದ್ದನ್ನ ಇಲ್ಲ ಅನ್ನಕ್ಕೆ ನಂಗೇನು ನಾಚ್ಕೆ ನಾಯನಾ? ನೋಂದಣಿ ಇಲ್ಲ. ಕಟ್ಟಡ ಐತೆ."

ಮೂರು ದಿನ ಕೂತು ಹಾಳೆಗಳನ್ನು ಹೊಸದಾಗಿ ಬರೆದೆ, ಅದೇ ಮೇಜಿನ ಮೇಲೆ, ಕೈಯಲ್ಲಿ. ಅಜ್ಜಿಯನ್ನು ಗಡಿಗೆಯ ಸಮೇತ ತೆರಪಿನೊಳಗೆ ತಂದು ನಿಲ್ಲಿಸಿದೆ. ಬೆಟ್ಟದ ಬೆನ್ನು ಮಾತ್ರ ನನಗೆ ಬರಲಿಲ್ಲ. ಅವರ ಹಳೆಯ ನಕ್ಷೆಯ ಮೇಲೆ ಕಾಗದ ಇಟ್ಟು ತೆಗೆದುಕೊಂಡೆ. ಮೊದಲ ರೇಖಾಚಿತ್ರದ ಜಾಗಕ್ಕೆ ಆ ಫೋಟೋ ಅಂಟಿಸಿದೆ, ನಾನು ಬೆನ್ನು ಹಾಕಿ ನಿಂತಿರುವ ಅಂಚನ್ನು ಕತ್ತರಿಸದೆ. ಫಾರಮ್ಮನ್ನು ಹೊಸದಾಗಿ ಬರೆಯುವಾಗ ಒಂದನ್ನು ಮಾತ್ರ ಬದಲಿಸಿದೆ. ಅವರ ಹೆಸರನ್ನು ಮೇಲೆ ಬರೆದೆ. ಅದರ ಮುಂದೆ, ಅವರು ಬರೆದಂತೆಯೇ, ಇಲ್ಲ. ಕೆಳಗೆ ನನ್ನ ಹೆಸರು, ನನ್ನ ಸಂಖ್ಯೆ.

ಕೊರಟಗೆರೆಯಲ್ಲೂ ಅಂಚೆಕಚೇರಿ ಇದೆ. ಆದರೂ ಬಸ್ಸು ಹತ್ತಿ ಮಧುಗಿರಿಗೆ ಹೋದೆ. ಕೌಂಟರಿನ ಹೆಣ್ಣುಮಗಳು ಲಕೋಟೆಯನ್ನು ತೂಗಿ, ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಕೇಳಿದಳು.

"ಕಳಿಸ್ತಿರೋರ ಹೆಸರು ಹೇಳಿ ಸಾರ್."

ನನ್ನ ಕೈಯಲ್ಲಿ ನೀರಿನ ಬಾಟಲಿ ಇತ್ತು. ಅದನ್ನು ಕೌಂಟರಿನ ಮೇಲೆ ಇಟ್ಟು, ಮೇಡಂ ಹೆಸರು ಹೇಳಿದೆ. ಅವಳಿಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಹಿಂದೆ ಸಾಲಿನಲ್ಲಿ ನಿಂತಿದ್ದ ಒಬ್ಬರು, "ಓ, ಸೈಕಲ್ ಶಾಪ್ ಮೇಲಿನ ಮೇಡಂದಾ? ನಮ್ಮನೆ ಪ್ಲಾನ್ ಅವರದೇ" ಅಂದರು.

ಈ ಸಲ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ರಸೀದಿಯೂ ಇದೆ.